ಕ್ಯಾಲ್ಸಿಯಂ ಕ್ಲೋರೈಡಿಗೆ ‘ಡೈ’ ಏಕಿಲ್ಲ?

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಸಂಯುಕ್ತಗಳಿಗೆ ಹೆಸರಿಡುವುದೇ ನನಗೆ ದೊಡ್ಡ ತೊಡಕಾಗಿದೆ. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಎನ್ನಬೇಕು. ಆದರೆ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರಿನ್ ಇದ್ದರೂ ಕ್ಯಾಲ್ಸಿಯಂ ಡೈಕ್ಲೋರೈಡ್ ಎಂದು ಬರೆದರೆ ಅಂಕ ಕಡಿಯುತ್ತಾರೆ. ಫೆರಸ್ ಮತ್ತು ಫೆರಿಕ್, ಸಲ್ಫೈಡ್, ಸಲ್ಫೈಟ್ ಮತ್ತು ಸಲ್ಫೇಟ್ ಇವನ್ನೆಲ್ಲ ಬಾಯಿಪಾಠ ಮಾಡಿದರೂ ಪರೀಕ್ಷೆಯ ಹೊತ್ತಿಗೆ ಕಲಸಿಹೋಗುತ್ತವೆ. ಇನ್ನೊಂದು ಸಂದೇಹ. ನಮ್ಮ ತಂದೆ ಅಡಿಕೆಗೆ ಹೊಡೆಯಲು ತರುವ ಮೈಲುತುತ್ತದ ಚೀಲದ ಮೇಲೆ ‘ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್’ ಎಂದಿದೆ. ಲೋಹದ ಸಂಯುಕ್ತಕ್ಕೆ ಎಣಿಕೆಯ ಪದ ಬರಬಾರದು ಎಂದಾದರೆ ಇಲ್ಲಿ ‘ಪೆಂಟಾ’ ಹೇಗೆ ಬಂತು?

ಉತ್ತರ: ನಿಮ್ಮ ಕೊನೆಯ ಸಂದೇಹದೊಳಗೇ ಮೊದಲನೆಯದರ ಉತ್ತರ ಅಡಗಿದೆ, ಆದರೆ ಅದನ್ನು ಬಿಡಿಸಲು ಸ್ವಲ್ಪ ದೂರ ನಡೆಯಬೇಕು. ನೀವು ನಿಯಮಗಳನ್ನು ಬಾಯಿಪಾಠ ಮಾಡಿದ್ದೀರಿ. ಆ ನಿಯಮಗಳು ಯಾವ ವಿಚಾರದ ಮೇಲೆ ನಿಂತಿವೆ ಎಂಬುದನ್ನು ಬಹುಶಃ ಯಾರೂ ಬಿಡಿಸಿ ಹೇಳಿಲ್ಲ. ಆ ವಿಚಾರ ಇಷ್ಟೇ: ಓದುವವರು ತಾವಾಗಿಯೇ ಲೆಕ್ಕ ಹಾಕಿ ತಿಳಿಯಬಹುದಾದುದನ್ನು ಹೆಸರು ಹೇಳುವುದಿಲ್ಲ, ಹಾಗೆ ತಿಳಿಯಲಾಗದ್ದನ್ನು ಮಾತ್ರ ಹೇಳುತ್ತದೆ. ಕಾರ್ಬನ್ ಡೈಆಕ್ಸೈಡಿನ ‘ಡೈ’, ಐರನ್ ಹೆಸರಿನ ಪಕ್ಕದ ಕಂಸದೊಳಗಿನ ಅಂಕಿ, ಮೈಲುತುತ್ತದ ‘ಪೆಂಟಾ’ ಇವೆಲ್ಲ ಬಂದಿರುವುದು ಈ ಒಂದೇ ಕಾರಣದಿಂದ.

ಈ ಉತ್ತರದಲ್ಲಿ ನಾನು ಸೂತ್ರಗಳನ್ನು ಸಂಕೇತಗಳಲ್ಲಿ ಬರೆಯದೆ ಬೇಕೆಂದೇ ಮಾತಿನಲ್ಲಿ ಹೇಳುತ್ತೇನೆ. ‘ಎರಡು ಅಲ್ಯೂಮಿನಿಯಂಗೆ ಮೂರು ಆಮ್ಲಜನಕ’ ಎಂದು ಬಾಯಿಬಿಟ್ಟು ಓದುವ ವಿದ್ಯಾರ್ಥಿಯ ಕಣ್ಣಿಗೆ, ಸಂಕೇತವನ್ನು ಚಿತ್ರದಂತೆ ನೋಡಿ ಮುಂದೆ ಹೋಗುವವರಿಗೆ ಕಾಣದ ಸಂಗತಿಗಳು ಕಾಣುತ್ತವೆ. ನೀವು ಓದುವಾಗ ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಸಂಕೇತಗಳನ್ನು ನೀವೇ ಬರೆಯುತ್ತಾ ಹೋಗಿ.

ಮೊದಲು ಅಡುಗೆ ಉಪ್ಪನ್ನು ತೆಗೆದುಕೊಳ್ಳೋಣ. ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಧನ ಅಯಾನಾಗುತ್ತದೆ, ಅಂದರೆ ಧನ ವಿದ್ಯುದಾವೇಶ ಹೊತ್ತ ಕಣವಾಗುತ್ತದೆ, ಕ್ಲೋರಿನ್ ಅದನ್ನು ಪಡೆದು ಋಣ ಅಯಾನಾಗುತ್ತದೆ. ಉಪ್ಪಿನ ಒಂದು ಹರಳಿನಲ್ಲಿ ಈ ಎರಡೂ ಬಗೆಯ ಅಯಾನುಗಳು ಎಣಿಸಲಾಗದಷ್ಟು ಸಂಖ್ಯೆಯಲ್ಲಿ, ಚದುರಂಗದ ಮಣೆಯ ಬಿಳಿ ಕಪ್ಪು ಮನೆಗಳಂತೆ, ಒಂದರ ಪಕ್ಕ ಒಂದು ಮೂರೂ ದಿಕ್ಕಿನಲ್ಲಿ ಜೋಡಿಸಿಕೊಂಡಿವೆ. ಅಲ್ಲಿ ‘ಒಂದು ಸೋಡಿಯಂ ಮತ್ತು ಒಂದು ಕ್ಲೋರಿನ್ ಸೇರಿದ ಅಣು’ ಎಂದು ಬೊಟ್ಟು ಮಾಡಿ ತೋರಿಸಬಹುದಾದ ಪ್ರತ್ಯೇಕ ವಸ್ತುವೇ ಇಲ್ಲ. ಹಾಗಾಗಿ ಅಯಾನಿಕ ಸಂಯುಕ್ತದ ಸೂತ್ರ ಹೇಳುವುದು ಅಣುವಿನಲ್ಲಿ ಎಷ್ಟೆಷ್ಟು ಪರಮಾಣುಗಳಿವೆ ಎಂಬುದನ್ನಲ್ಲ, ಅಯಾನುಗಳ ಅನುಪಾತವನ್ನು. ಆ ಅನುಪಾತವನ್ನು ನಿರ್ಧರಿಸುವ ನಿಯಮವೂ ಒಂದೇ ಒಂದು: ಒಟ್ಟು ಧನ ಆವೇಶ ಮತ್ತು ಒಟ್ಟು ಋಣ ಆವೇಶ ಸಮನಾಗಬೇಕು.

ಈಗ ನಿಮ್ಮ ಕ್ಯಾಲ್ಸಿಯಂ ಕ್ಲೋರೈಡಿಗೆ ಬನ್ನಿ. ಕ್ಯಾಲ್ಸಿಯಂ ಆವರ್ತ ಕೋಷ್ಟಕದ ಎರಡನೇ ಗುಂಪಿನಲ್ಲಿದೆ, ಅದರ ಅಯಾನಿನ ಆವೇಶ ಯಾವಾಗಲೂ ಧನ ಎರಡು. ಕ್ಲೋರೈಡಿನದು ಋಣ ಒಂದು. ಲೆಕ್ಕ ಸರಿಹೋಗಲು ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಬೇಕೇ ಬೇಕು, ಬೇರೆ ದಾರಿಯೇ ಇಲ್ಲ. ಬೇರೆ ದಾರಿ ಇಲ್ಲದಿದ್ದಾಗ ಹೆಸರಿನಲ್ಲಿ ‘ಡೈ’ ಸೇರಿಸಿದರೆ ಓದುಗನಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿದಂತಾಗುತ್ತದೆ. ಅದೇ ರೀತಿ ಎರಡು ಅಲ್ಯೂಮಿನಿಯಂಗೆ ಮೂರು ಆಮ್ಲಜನಕ ಸೇರಿದ ವಸ್ತು ಬರೀ ಅಲ್ಯೂಮಿನಿಯಂ ಆಕ್ಸೈಡ್. ಇಲಿ ಪಾಷಾಣವೆಂದು ಮಾರುವ ಸಂಯುಕ್ತದಲ್ಲಿ ಮೂರು ಸತುವಿಗೆ ಎರಡು ರಂಜಕ ಇದ್ದರೂ ಅದು ಬರೀ ಝಿಂಕ್ ಫಾಸ್ಫೈಡ್. ಹೆಸರಿಡುವ ಕ್ರಮವೂ ಸರಳ: ಲೋಹದ ಹೆಸರನ್ನು ಮೊದಲು ಇದ್ದ ಹಾಗೇ ಬರೆಯಿರಿ, ಅಲೋಹದ ಹೆಸರಿನ ಬಾಲ ಕತ್ತರಿಸಿ ‘ಐಡ್’ ಜೋಡಿಸಿ. ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಆಕ್ಸಿಜನ್ ಆಕ್ಸೈಡ್, ಸಲ್ಫರ್ ಸಲ್ಫೈಡ್, ನೈಟ್ರೋಜನ್ ನೈಟ್ರೈಡ್.

ಹೆಸರಿನಿಂದ ಸೂತ್ರಕ್ಕೆ ಹೋಗುವಾಗ ಒಂದು ಎಚ್ಚರ ಅಗತ್ಯ. ಒಂದರ ವೇಲೆನ್ಸಿಯನ್ನು, ಅಂದರೆ ಕೂಡುವ ಸಾಮರ್ಥ್ಯದ ಸಂಖ್ಯೆಯನ್ನು, ಇನ್ನೊಂದರ ಕೆಳಗೆ ಅಡ್ಡಡ್ಡ ಬರೆಯುವ ಉಪಾಯವನ್ನು ಶಾಲೆಯಲ್ಲಿ ಕಲಿಸಿರುತ್ತಾರೆ. ಉಪಾಯ ಒಳ್ಳೆಯದೇ, ಆದರೆ ಮೆಗ್ನೀಸಿಯಂ ಆಕ್ಸೈಡಿಗೆ ಅದನ್ನು ಹಾಗೇ ಬಳಸಿದರೆ ಎರಡು ಮೆಗ್ನೀಸಿಯಂಗೆ ಎರಡು ಆಮ್ಲಜನಕ ಎಂದು ಬರುತ್ತದೆ. ಸೂತ್ರವೆಂದರೆ ಅನುಪಾತ ಎಂಬುದನ್ನು ಮರೆಯದವರು ಅದನ್ನು ತಾವಾಗಿಯೇ ಒಂದಕ್ಕೆ ಒಂದು ಎಂದು ಇಳಿಸುತ್ತಾರೆ.

ಇಷ್ಟರವರೆಗೆ ಲೋಹದ ಆವೇಶ ಒಂದೇ ಎಂದುಕೊಂಡೆವು. ಒಂದನೇ ಗುಂಪು, ಎರಡನೇ ಗುಂಪು, ಅಲ್ಯೂಮಿನಿಯಂ, ಸತು, ಬೆಳ್ಳಿ ಇವುಗಳ ಮಟ್ಟಿಗೆ ಅದು ನಿಮ್ಮ ಪಠ್ಯದ ವ್ಯಾಪ್ತಿಯಲ್ಲಿ ನಿಜ. ಆದರೆ ಕಬ್ಬಿಣ ಧನ ಎರಡೂ ಆಗಬಲ್ಲದು, ಧನ ಮೂರೂ ಆಗಬಲ್ಲದು. ‘ಐರನ್ ಕ್ಲೋರೈಡ್’ ಎಂದಷ್ಟೇ ಹೇಳಿದರೆ ಕ್ಲೋರೈಡ್ ಎರಡಿವೆಯೋ ಮೂರಿವೆಯೋ ಲೆಕ್ಕ ಹಾಕಿ ತಿಳಿಯುವಂತಿಲ್ಲ. ತಿಳಿಯದ ಸಂಗತಿ ಇರುವಲ್ಲಿ ಹೆಸರು ಬಾಯಿ ಬಿಡಲೇಬೇಕು. ಹಳೆಯ ಪದ್ಧತಿಯಲ್ಲಿ ಇದಕ್ಕೆ ಲೋಹದ ಲ್ಯಾಟಿನ್ ಹೆಸರಿನ ಬುಡ ತೆಗೆದುಕೊಂಡು ಎರಡು ಬಾಲಗಳನ್ನು ಜೋಡಿಸುತ್ತಿದ್ದರು: ಕಡಿಮೆ ಆವೇಶಕ್ಕೆ ‘ಅಸ್’, ಹೆಚ್ಚಿನದಕ್ಕೆ ‘ಇಕ್’. ಕಬ್ಬಿಣ ಲ್ಯಾಟಿನ್ನಿನಲ್ಲಿ ಫೆರಮ್, ಆದ್ದರಿಂದ ಫೆರಸ್ ಮತ್ತು ಫೆರಿಕ್. ತಾಮ್ರ ಕ್ಯೂಪ್ರಮ್, ಆದ್ದರಿಂದ ಕ್ಯೂಪ್ರಸ್ ಮತ್ತು ಕ್ಯೂಪ್ರಿಕ್. ತವರ ಸ್ಟ್ಯಾನಮ್, ಆದ್ದರಿಂದ ಸ್ಟ್ಯಾನಸ್ ಮತ್ತು ಸ್ಟ್ಯಾನಿಕ್. ಈ ಪದ್ಧತಿಯ ಕೊರತೆ ಏನೆಂದರೆ ಅದು ‘ಕಡಿಮೆ’ ಮತ್ತು ‘ಹೆಚ್ಚು’ ಎಂದು ಹೇಳುತ್ತದೆಯೇ ಹೊರತು ಎಷ್ಟೆಂದು ಹೇಳುವುದಿಲ್ಲ. ಫೆರಸ್ ಎಂದರೆ ಎರಡು, ಕ್ಯೂಪ್ರಸ್ ಎಂದರೆ ಒಂದು; ಫೆರಿಕ್ ಎಂದರೆ ಮೂರು, ಕ್ಯೂಪ್ರಿಕ್ ಎಂದರೆ ಎರಡು, ಸ್ಟ್ಯಾನಿಕ್ ಎಂದರೆ ನಾಲ್ಕು. ಪರೀಕ್ಷೆಯ ಹೊತ್ತಿಗೆ ಇವು ನಿಮ್ಮಲ್ಲಿ ಕಲಸಿಹೋಗುವುದು ನಿಮ್ಮ ನೆನಪಿನ ದೋಷವಲ್ಲ, ಪದ್ಧತಿಯ ದೋಷ.

ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಇದಕ್ಕೊಂದು ನೇರ ಪರಿಹಾರ ಸೂಚಿಸಿದರು. ಬಾಲಗಳೇ ಬೇಡ, ಲೋಹದ ಹೆಸರಿನ ಪಕ್ಕದಲ್ಲೇ ಕಂಸದೊಳಗೆ ಅದರ ಉತ್ಕರ್ಷಣ ಸಂಖ್ಯೆಯನ್ನು (ಇಲ್ಲಿಯ ಮಟ್ಟಿಗೆ ಅದರ ಆವೇಶವೆಂದೇ ತಿಳಿಯಿರಿ) ರೋಮನ್ ಅಂಕಿಯಲ್ಲಿ ಬರೆದುಬಿಡಿ ಎಂಬುದು ಆ ಸೂಚನೆ. ಹಾಗೆ ಫೆರಸ್ ಕ್ಲೋರೈಡ್ ‘ಐರನ್ (ಎರಡು) ಕ್ಲೋರೈಡ್’ ಆಯಿತು, ಫೆರಿಕ್ ಕ್ಲೋರೈಡ್ ‘ಐರನ್ (ಮೂರು) ಕ್ಲೋರೈಡ್’ ಆಯಿತು. ಓದುವಾಗ ‘ಐರನ್ ತ್ರೀ ಕ್ಲೋರೈಡ್’ ಎಂದು ಓದಬೇಕು. ಅದೇ 1919ರಲ್ಲಿ ಹುಟ್ಟಿದ ಐಯುಪಿಎಸಿ, ಅಂದರೆ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ, ಮುಂದೆ ಈ ಪದ್ಧತಿಯನ್ನು ತನ್ನದಾಗಿಸಿಕೊಂಡಿತು. ಹಳೆಯ ಹೆಸರುಗಳು ಪಠ್ಯದಿಂದ ಸರಿದರೂ ಬಳಕೆಯಿಂದ ಸರಿದಿಲ್ಲ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ ಈಗಲೂ ಫೆರಸ್ ಎಂದೇ ಇರುತ್ತದೆ. ಆದ್ದರಿಂದ ನೀವು ಎರಡನ್ನೂ ಕಲಿಯಬೇಕು, ಆದರೆ ಲೆಕ್ಕವನ್ನು ಸ್ಟಾಕ್ ಪದ್ಧತಿಯಲ್ಲೇ ಮಾಡಿ.

ಈ ಅಂಕಿಯನ್ನು ಉದಾಸೀನ ಮಾಡಬಾರದು ಎಂಬುದಕ್ಕೆ ಪಾದರಸಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಮರ್ಕ್ಯುರಿ (ಒಂದು) ಕ್ಲೋರೈಡ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕ್ಯಾಲೊಮೆಲ್ ಎಂಬ ಹೆಸರಿನಲ್ಲಿ ಯುರೋಪಿನ ವೈದ್ಯರು ಅದನ್ನು ಬಹುಕಾಲ ಭೇದಿಯ ಮದ್ದಾಗಿ ಕೊಟ್ಟರು, ಅದು ಒಳ್ಳೆಯದಲ್ಲವೆಂದು ತಿಳಿದದ್ದು ತಡವಾಗಿ. ಮರ್ಕ್ಯುರಿ (ಎರಡು) ಕ್ಲೋರೈಡ್ ಕರಗುತ್ತದೆ, ಮತ್ತು ಅದು ಘೋರ ವಿಷ. ಎರಡರ ನಡುವಣ ಅಂತರ ಹೆಸರಿನಲ್ಲಿ ಒಂದು ಅಂಕಿ, ಹಳೆಯ ಪದ್ಧತಿಯಲ್ಲಿ ಒಂದು ಬಾಲ. ಕಾಕತಾಳೀಯವೆಂದರೆ ಈ ಅಂಕಿಯ ಪದ್ಧತಿ ಕೊಟ್ಟ ಸ್ಟಾಕ್ ಅವರೇ ತಮ್ಮ ಪ್ರಯೋಗಾಲಯದ ಪಾದರಸದ ಆವಿಯಿಂದ ವರ್ಷಗಟ್ಟಲೆ ನರಳಿ, ಆ ವಿಷದ ಬಗ್ಗೆ ಜಗತ್ತನ್ನು ಎಚ್ಚರಿಸಿದವರೂ ಹೌದು.

ಸೂತ್ರದಿಂದ ಹೆಸರಿಗೆ ಬರುವಾಗ ಈ ಅಂಕಿಯನ್ನು ಕಂಡುಕೊಳ್ಳುವ ರೀತಿಯನ್ನು ಒಮ್ಮೆ ನಿಧಾನವಾಗಿ ಮಾಡಿ ನೋಡೋಣ. ಸಂಡೂರು, ಬಳ್ಳಾರಿ ಕಡೆಯ ಕೆಂಪು ಅದಿರು ಹೆಮಟೈಟ್. ಅದರಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಲೋಹದಿಂದ ಆರಂಭಿಸಬೇಡಿ, ಅದು ಚಂಚಲ. ಆವೇಶ ಖಚಿತವಾಗಿರುವ ಆಮ್ಲಜನಕದಿಂದ ಆರಂಭಿಸಿ. ಒಂದೊಂದಕ್ಕೂ ಋಣ ಎರಡು, ಮೂರಕ್ಕೆ ಋಣ ಆರು. ಈ ಆರನ್ನು ಸರಿದೂಗಿಸಬೇಕಾದವು ಎರಡು ಕಬ್ಬಿಣದ ಅಯಾನುಗಳು, ಅಂದರೆ ಒಂದೊಂದಕ್ಕೆ ಧನ ಮೂರು. ಹೆಸರು ಐರನ್ (ಮೂರು) ಆಕ್ಸೈಡ್. ಇಲ್ಲಿ ನಾನು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಂಡಿರುವ ತಪ್ಪೊಂದಿದೆ: ಸೂತ್ರದಲ್ಲಿ ಎರಡು ಕಬ್ಬಿಣ ಕಾಣುತ್ತದಲ್ಲ, ಅದನ್ನೇ ಕಂಸದೊಳಗೆ ಹಾಕಿ ‘ಐರನ್ (ಎರಡು) ಆಕ್ಸೈಡ್’ ಎಂದು ಬರೆಯುವುದು. ಕಂಸದ ಅಂಕಿ ಎಷ್ಟು ಕಬ್ಬಿಣ ಎಂಬುದನ್ನು ಹೇಳುವುದಿಲ್ಲ, ಎಂಥ ಕಬ್ಬಿಣ ಎಂಬುದನ್ನು ಹೇಳುತ್ತದೆ.

ಈಗ ಕುದುರೆಮುಖದ ಅದಿರಿಗೆ ಬನ್ನಿ. 2005ರ ಕೊನೆಯವರೆಗೂ ಅಲ್ಲಿ ತೆಗೆಯುತ್ತಿದ್ದ ಅದಿರಿನ ಮುಖ್ಯ ಖನಿಜ ಮ್ಯಾಗ್ನಟೈಟ್. ಅದರಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಒಟ್ಟು ಋಣ ಎಂಟು, ಅದನ್ನು ಮೂರು ಕಬ್ಬಿಣಕ್ಕೆ ಹಂಚಿದರೆ ಪೂರ್ಣಾಂಕ ಬರುವುದಿಲ್ಲ. ಇಂಥಲ್ಲಿ ವಿದ್ಯಾರ್ಥಿಗಳು ತಮ್ಮ ಲೆಕ್ಕವೇ ತಪ್ಪಿತೆಂದು ಹೊಡೆದುಹಾಕುತ್ತಾರೆ. ಲೆಕ್ಕ ತಪ್ಪಿಲ್ಲ, ಈ ಖನಿಜದಲ್ಲಿ ಎರಡು ಬಗೆಯ ಕಬ್ಬಿಣವೂ ಒಟ್ಟಿಗೇ ಇದೆ. ಧನ ಮೂರರ ಎರಡು, ಧನ ಎರಡರ ಒಂದು, ಕೂಡಿದರೆ ಎಂಟು. ಆದ್ದರಿಂದ ಹೆಸರಿನ ಕಂಸದಲ್ಲೂ ಎರಡು ಅಂಕಿ: ಐರನ್ (ಎರಡು, ಮೂರು) ಆಕ್ಸೈಡ್.

ಇನ್ನು ಬಹುಪರಮಾಣು ಅಯಾನುಗಳು, ಅಂದರೆ ಹಲವು ಪರಮಾಣುಗಳು ಗುಂಪಾಗಿ ಕೂಡಿ ಆವೇಶ ಹೊತ್ತಂಥವು. ಬಾಯಿಪಾಠ ಮಾಡಲೇಬೇಕಾದ ಭಾಗ ಇದೊಂದೇ. ಆದರೆ ಅದೂ ಸುಮಾರು ಹನ್ನೆರಡು ಹೆಸರುಗಳಿಗೆ ಮುಗಿಯುತ್ತದೆ. ಹೈಡ್ರಾಕ್ಸೈಡ್, ನೈಟ್ರೇಟ್, ನೈಟ್ರೈಟ್, ಹೈಡ್ರೋಜನ್ ಕಾರ್ಬೊನೇಟ್, ಅಸಿಟೇಟ್, ಕ್ಲೋರೇಟ್, ಪರ್ಮ್ಯಾಂಗನೇಟ್ ಇವುಗಳ ಆವೇಶ ಋಣ ಒಂದು. ಕಾರ್ಬೊನೇಟ್, ಸಲ್ಫೇಟ್, ಸಲ್ಫೈಟ್, ಡೈಕ್ರೋಮೇಟ್ ಇವುಗಳದು ಋಣ ಎರಡು. ಫಾಸ್ಫೇಟಿನದು ಋಣ ಮೂರು. ಧನ ಪಕ್ಷದಲ್ಲಿ ನೀವು ನೆನಪಿಡಬೇಕಾದುದು ಅಮೋನಿಯಂ ಒಂದನ್ನೇ, ಅದರ ಆವೇಶ ಧನ ಒಂದು. ಡೈಕ್ರೋಮೇಟಿನ ‘ಡೈ’ ನೋಡಿ ಗಾಬರಿಯಾಗಬೇಡಿ. ಅದು ಆ ಅಯಾನಿನೊಳಗೆ ಎರಡು ಕ್ರೋಮಿಯಂ ಇರುವುದರಿಂದ ಬಂದ, ಅಯಾನಿನ ಸ್ವಂತ ಹೆಸರಿನ ಭಾಗ.

‘ಐಡ್’, ‘ಐಟ್’, ‘ಏಟ್’ ಈ ಮೂರು ಬಾಲಗಳ ಗೊಂದಲವನ್ನು ಹೀಗೆ ಬಿಡಿಸಿಕೊಳ್ಳಿ. ಹೈಡ್ರಾಕ್ಸೈಡಿನಂಥ ಅಪವಾದ ಬಿಟ್ಟರೆ ‘ಐಡ್’ ಎಂದರೆ ಧಾತು ಒಂಟಿಯಾಗಿದೆ: ಸಲ್ಫೈಡ್ ಎಂದರೆ ಬರೀ ಗಂಧಕದ ಅಯಾನು. ‘ಏಟ್’ ಮತ್ತು ‘ಐಟ್’ ಎಂದರೆ ಜೊತೆಗೆ ಆಮ್ಲಜನಕವಿದೆ. ‘ಏಟ್’ನಲ್ಲಿ ಇರುವುದಕ್ಕಿಂತ ‘ಐಟ್’ನಲ್ಲಿ ಒಂದು ಕಡಿಮೆ. ಸಲ್ಫೇಟಿನಲ್ಲಿ ನಾಲ್ಕು ಆಮ್ಲಜನಕ, ಸಲ್ಫೈಟಿನಲ್ಲಿ ಮೂರು. ನೈಟ್ರೇಟಿನಲ್ಲಿ ಮೂರು, ನೈಟ್ರೈಟಿನಲ್ಲಿ ಎರಡು. ‘ಏಟ್’ ಎಂದರೆ ನಾಲ್ಕು ಆಮ್ಲಜನಕ ಎಂದು ಎಲ್ಲೋ ಕೇಳಿದ್ದರೆ ಅದನ್ನು ಈ ಕ್ಷಣವೇ ಮರೆತುಬಿಡಿ. ನೈಟ್ರೇಟ್, ಕಾರ್ಬೊನೇಟ್, ಕ್ಲೋರೇಟ್‌ಗಳಲ್ಲಿ ಇರುವುದು ಮೂರೇ. ಆಮ್ಲಜನಕ ಒಂದು ಕಡಿಮೆಯಾದರೂ ಆವೇಶ ಬದಲಾಗುವುದಿಲ್ಲ ಎಂಬುದನ್ನೂ ಗಮನಿಸಿ: ಸಲ್ಫೇಟ್ ಮತ್ತು ಸಲ್ಫೈಟ್ ಎರಡೂ ಋಣ ಎರಡೇ. ಕ್ಲೋರಿನ್ನಿನದು ನಾಲ್ಕು ಮೆಟ್ಟಿಲುಗಳ ಕುಟುಂಬ. ಒಂದು ಆಮ್ಲಜನಕವಿದ್ದರೆ ಹೈಪೊಕ್ಲೋರೈಟ್, ಎರಡಿದ್ದರೆ ಕ್ಲೋರೈಟ್, ಮೂರಿದ್ದರೆ ಕ್ಲೋರೇಟ್, ನಾಲ್ಕಿದ್ದರೆ ಪರ್‌ಕ್ಲೋರೇಟ್. ಆಮ್ಲಜನಕವೇ ಇಲ್ಲದ ಪೊಟ್ಯಾಸಿಯಂ ಕ್ಲೋರೈಡ್ ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ. ಮೂರು ಆಮ್ಲಜನಕ ಸೇರಿದ ಪೊಟ್ಯಾಸಿಯಂ ಕ್ಲೋರೇಟ್ ಬೆಂಕಿಕಡ್ಡಿಯ ತುದಿಯ ಮದ್ದು.

ಈ ಬಾಲಗಳಿಗೆ ವಯಸ್ಸಾಗಿದೆ. 1787ರಲ್ಲಿ ಪ್ಯಾರಿಸ್ಸಿನಲ್ಲಿ ಗಿಟಾನ್ ದ ಮೊರ್ವೊ, ಲಾವೊಸಿಯೆ, ಬರ್ತೊಲೆ, ಫೂರ್‌ಕ್ರೊವಾ ಎಂಬ ನಾಲ್ವರು ಸೇರಿ ರಾಸಾಯನಿಕ ಹೆಸರುಗಳ ಹೊಸ ಪದ್ಧತಿಯನ್ನು ಪ್ರಕಟಿಸಿದರು. ಸಲ್ಫೇಟ್ ಮತ್ತು ಸಲ್ಫೈಟ್ ಎಂಬ ಭೇದ ಅಲ್ಲಿಂದಲೇ ಬಂದದ್ದು. ಅದಕ್ಕೂ ಮೊದಲು ವಸ್ತುಗಳಿಗೆ ಬಣ್ಣ, ಊರು, ಕಂಡುಹಿಡಿದವನು, ಹೀಗೆ ತೋಚಿದಂತೆ ಹೆಸರಿರುತ್ತಿತ್ತು, ನಮ್ಮ ಮೈಲುತುತ್ತ, ನವಸಾಗರ, ಪೆಟ್ಲುಪ್ಪುಗಳ ಹಾಗೆ. ಕನ್ನಡ ಮಾಧ್ಯಮದಲ್ಲಿ ಓದಿದ ನಿಮಗೆ ಆ ಪದ್ಧತಿಯ ಒಂದು ತುಣುಕು ಆಗಲೇ ಗೊತ್ತಿದೆ. ಆಮ್ಲಜನಕ ಎಂಬುದು ಲಾವೊಸಿಯೆ ಗ್ರೀಕಿನಿಂದ ಕಟ್ಟಿದ ಆಕ್ಸಿಜನ್ ಪದದ ಅಕ್ಷರಶಃ ಅನುವಾದ: ಆಮ್ಲವನ್ನು ಹುಟ್ಟಿಸುವಂಥದು. ಆಮ್ಲಗಳಲ್ಲೆಲ್ಲ ಆಕ್ಸಿಜನ್ ಇರಲೇಬೇಕೆಂದು ಅವರು ನಂಬಿದ್ದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ಮುಂದೆ ಹಂಫ್ರಿ ಡೇವಿ ತೋರಿಸಿದರು; ನಂಬಿಕೆ ಬಿದ್ದುಹೋಯಿತು, ಹೆಸರು ಮಾತ್ರ ಕನ್ನಡದಲ್ಲೂ ಉಳಿದಿದೆ. ಪಿಯುಸಿಯಲ್ಲಿ ನಿಮಗೆ ಬೇಕಾಗುವುದು ಆಕ್ಸಿಜನ್, ನೈಟ್ರೋಜನ್, ಸಲ್ಫರ್, ಫಾಸ್ಫರಸ್ ಎಂಬ ಹೆಸರುಗಳೇ, ಏಕೆಂದರೆ ‘ಐಡ್’ ಅಂಟಿಕೊಳ್ಳುವುದು ಅವುಗಳಿಗೆ. ಆದರೆ ಕನ್ನಡದ ಹೆಸರುಗಳು ಅಡ್ಡಿ ಎಂದು ಭಾವಿಸಬೇಡಿ. ಎರಡನ್ನೂ ಎದುರುಬದುರು ಬರೆದ ಒಂದು ಪುಟವನ್ನು ಪುಸ್ತಕದಲ್ಲಿ ಅಂಟಿಸಿಕೊಂಡರೆ ಎರಡೇ ವಾರದಲ್ಲಿ ಅದರ ಅಗತ್ಯ ತಪ್ಪುತ್ತದೆ.

ಬಹುಪರಮಾಣು ಅಯಾನುಗಳನ್ನು ಸೂತ್ರದಲ್ಲಿ ಬರೆಯುವಾಗ ಕಂಸ ಮರೆಯಬೇಡಿ. ಎಲೆ ಅಡಿಕೆಗೆ ಹಚ್ಚುವ ಅರಳಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರಲ್ಲಿ ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್. ಹೈಡ್ರಾಕ್ಸೈಡನ್ನು ಕಂಸದೊಳಗಿಟ್ಟು ಹೊರಗೆ ಎರಡು ಬರೆಯದಿದ್ದರೆ ಆ ಎರಡು ಕೊನೆಯ ಜಲಜನಕಕ್ಕೆ ಮಾತ್ರ ಅಂಟಿಕೊಂಡು ಆಮ್ಲಜನಕ ಒಂದೇ ಉಳಿಯುತ್ತದೆ. ಇನ್ನೊಂದು ಎಚ್ಚರ: ಲೋಹ ಕಾಣದಿದ್ದರೆ ಕೂಡಲೇ ಸಹವೇಲೆನ್ಸೀಯ, ಅಂದರೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡ ಸಂಯುಕ್ತ, ಎಂದು ತೀರ್ಮಾನಿಸಬೇಡಿ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರದಲ್ಲಿ ಲೋಹದ ಒಂದು ಪರಮಾಣುವೂ ಇಲ್ಲ. ಆದರೂ ಅದು ಅಮೋನಿಯಂ ಕ್ಲೋರೈಡ್, ಅಪ್ಪಟ ಅಯಾನಿಕ ಸಂಯುಕ್ತ.

ಇನ್ನು ಎರಡೂ ಕಡೆ ಅಲೋಹಗಳೇ ಇರುವ ಸಹವೇಲೆನ್ಸೀಯ ಸಂಯುಕ್ತಗಳು. ಇಲ್ಲಿ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ಇಲ್ಲ, ಹಂಚಿಕೆ ಇದೆ. ಅಯಾನುಗಳಿಲ್ಲ, ಆದ್ದರಿಂದ ಸರಿದೂಗಿಸಬೇಕಾದ ಆವೇಶಗಳೂ ಇಲ್ಲ. ಬಿಡಿ ಬಿಡಿಯಾದ ಅಣುಗಳಿವೆ, ಮತ್ತು ಅದೇ ಎರಡು ಧಾತುಗಳು ಹಲವು ಪ್ರಮಾಣಗಳಲ್ಲಿ ಕೂಡಬಲ್ಲವು. ಸಾರಜನಕ ಮತ್ತು ಆಮ್ಲಜನಕದ ಸಂಬಂಧವನ್ನೇ ನೋಡಿ. ಎರಡು ಸಾರಜನಕಕ್ಕೆ ಒಂದು ಆಮ್ಲಜನಕ ಸೇರಿದರೆ ಹಲ್ಲಿನ ವೈದ್ಯರು ಮಂಪರು ಬರಿಸಲು ಬಳಸುವ ನಗೆ ಅನಿಲ. ಒಂದಕ್ಕೆ ಒಂದು ಸೇರಿದರೆ ಇನ್ನೊಂದು. ಒಂದಕ್ಕೆ ಎರಡು ಸೇರಿದರೆ ವಾಹನಗಳ ಹೊಗೆಯಿಂದ ನಗರದ ಗಾಳಿಯಲ್ಲಿ ಸೇರುವ ಕಂದು ಅನಿಲ. ಎರಡಕ್ಕೆ ಮೂರು, ಎರಡಕ್ಕೆ ನಾಲ್ಕು, ಎರಡಕ್ಕೆ ಐದು ಸೇರಿದ ಸಂಯುಕ್ತಗಳೂ ಇವೆ. ಇವನ್ನೆಲ್ಲ ‘ನೈಟ್ರೋಜನ್ ಆಕ್ಸೈಡ್’ ಎಂದು ಕರೆದರೆ ಯಾವುದೆಂದು ಯಾರಿಗೂ ತಿಳಿಯದು, ಲೆಕ್ಕ ಹಾಕಿ ತಿಳಿಯಲು ದಾರಿಯೂ ಇಲ್ಲ. ಆದ್ದರಿಂದ ಇಲ್ಲಿ ಎಣಿಕೆಯನ್ನು ಹೆಸರೇ ಹೇಳಬೇಕು: ಡೈನೈಟ್ರೋಜನ್ ಮೊನಾಕ್ಸೈಡ್, ನೈಟ್ರೋಜನ್ ಮೊನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಡೈನೈಟ್ರೋಜನ್ ಟ್ರೈಆಕ್ಸೈಡ್, ಡೈನೈಟ್ರೋಜನ್ ಟೆಟ್ರಾಕ್ಸೈಡ್, ಡೈನೈಟ್ರೋಜನ್ ಪೆಂಟಾಕ್ಸೈಡ್. ನಿಮ್ಮ ಕಾರ್ಬನ್ ಡೈಆಕ್ಸೈಡಿನ ‘ಡೈ’ಗೂ ಇದೇ ಕಾರಣ, ಏಕೆಂದರೆ ಅದರ ಪಕ್ಕದಲ್ಲೇ ಕಾರ್ಬನ್ ಮೊನಾಕ್ಸೈಡ್ ಇದೆ. ನಾವು ಉಸಿರಿನಲ್ಲಿ ಹೊರಬಿಡುವುದು ಡೈಆಕ್ಸೈಡ್. ಗಾಳಿಯಾಡದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಅರೆಬರೆ ಉರಿದಾಗ ಬಣ್ಣವಿಲ್ಲದೆ, ವಾಸನೆಯಿಲ್ಲದೆ ತುಂಬಿಕೊಂಡು ಪ್ರಾಣ ತೆಗೆಯುವುದು ಮೊನಾಕ್ಸೈಡ್.

ಎಣಿಕೆಯ ಪದಗಳನ್ನು ಮೊನೊ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ, ಹೆಪ್ಟಾ, ಆಕ್ಟಾ, ನೋನಾ, ಡೆಕಾ ಎಂದು ಹತ್ತರವರೆಗೆ ಕಲಿತರೆ ಸಾಕು. ಮೊದಲ ಧಾತು ಒಂದೇ ಇದ್ದರೆ ಅದಕ್ಕೆ ‘ಮೊನೊ’ ಹಾಕುವ ರೂಢಿಯಿಲ್ಲ. ‘ಮೊನೊ’, ‘ಟೆಟ್ರಾ’, ‘ಪೆಂಟಾ’ ಮೊದಲಾದವುಗಳ ಕೊನೆಯ ಸ್ವರ ಆಕ್ಸೈಡಿನ ಮುಂದೆ ಲೋಪವಾಗುತ್ತದೆ. ನೀವು ವ್ಯಾಕರಣದಲ್ಲಿ ಓದಿದ ಲೋಪಸಂಧಿಯೇ ಇದು ಎಂದುಕೊಳ್ಳಿ. ‘ಡೈ’ ಮತ್ತು ‘ಟ್ರೈ’ ಮಾತ್ರ ಸ್ವರ ಬಿಟ್ಟುಕೊಡುವುದಿಲ್ಲ. ಯಾವ ಧಾತುವಿನ ಹೆಸರು ಮೊದಲು ಬರಬೇಕು ಎಂಬುದಕ್ಕೆ, ಎಲೆಕ್ಟ್ರಾನನ್ನು ಕಡಿಮೆ ಸೆಳೆಯುವುದು ಮೊದಲು ಎಂದು ಸ್ಥೂಲವಾಗಿ ಹೇಳಬಹುದು. ಒಂದು ಆಮ್ಲಜನಕಕ್ಕೆ ಎರಡು ಫ್ಲೋರಿನ್ ಸೇರಿದಾಗ ಫ್ಲೋರಿನ್ನಿನ ಸೆಳೆತವೇ ಹೆಚ್ಚಾದ್ದರಿಂದ ಅದು ಆಕ್ಸಿಜನ್ ಡೈಫ್ಲೋರೈಡ್ ಆಗುತ್ತದೆ.

ಜಲಜನಕ ಇರುವಲ್ಲಿ ಈ ಪದಗಳು ಸಾಮಾನ್ಯವಾಗಿ ಬರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಅನಿಲದಲ್ಲಿ ಎರಡು ಜಲಜನಕಕ್ಕೆ ಒಂದು ಗಂಧಕವಿದ್ದರೂ ನಾವು ಹೈಡ್ರೋಜನ್ ಸಲ್ಫೈಡ್ ಎಂದಷ್ಟೇ ಹೇಳುತ್ತೇವೆ. ಜಲಜನಕದ ವೇಲೆನ್ಸಿ ಒಂದೇ ಆದ್ದರಿಂದ ಉಳಿದದ್ದನ್ನು ಓದುಗ ತಾನೇ ಲೆಕ್ಕ ಹಾಕಬಲ್ಲ. ನೀರು ಮತ್ತು ಅಮೋನಿಯಾ ಎಂಬ ಹೆಸರುಗಳು ನಿಯಮ ಬರುವ ಮೊದಲೇ ನೆಲೆಯೂರಿದ್ದವು, ಅವನ್ನು ಯಾರೂ ಕದಲಿಸಲಿಲ್ಲ. ಆಮ್ಲಗಳ ಬಗ್ಗೆ ಒಂದೇ ಮಾತು: ‘ಏಟ್’ ಇರುವ ಅಯಾನಿನ ಆಮ್ಲ ‘ಇಕ್’, ‘ಐಟ್’ ಇರುವುದರ ಆಮ್ಲ ‘ಅಸ್’, ನೈಟ್ರೇಟಿಗೆ ನೈಟ್ರಿಕ್, ನೈಟ್ರೈಟಿಗೆ ನೈಟ್ರಸ್.

ಇಲ್ಲಿಯವರೆಗೆ ಬಂದ ಮೇಲೆ ನಿಮಗೊಂದು ಆಕ್ಷೇಪ ಹೊಳೆಯಬೇಕು, ಹೊಳೆಯದಿದ್ದರೆ ನಾನೇ ಎತ್ತುತ್ತೇನೆ. ಟಾರ್ಚ್ ಸೆಲ್ಲಿನೊಳಗಿನ ಕಪ್ಪು ಪುಡಿಯನ್ನು ಎಲ್ಲರೂ ಮ್ಯಾಂಗನೀಸ್ ಡೈಆಕ್ಸೈಡ್ ಎನ್ನುತ್ತಾರೆ, ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವುದನ್ನು ಟೈಟೇನಿಯಂ ಡೈಆಕ್ಸೈಡ್ ಎನ್ನುತ್ತಾರೆ. ಎರಡೂ ಲೋಹಗಳೇ. ಐಯುಪಿಎಸಿ ನಿಯಮದಲ್ಲಿ ಎಣಿಕೆಯ ಪದ್ಧತಿಯನ್ನು ಲೋಹದ ಸಂಯುಕ್ತಗಳಿಗೂ ಬಳಸಲು ಅವಕಾಶವಿದೆ. ಮ್ಯಾಂಗನೀಸ್ (ನಾಲ್ಕು) ಆಕ್ಸೈಡ್ ಎಂದರೂ ಸರಿ, ಮ್ಯಾಂಗನೀಸ್ ಡೈಆಕ್ಸೈಡ್ ಎಂದರೂ ಸರಿ, ಎರಡೂ ಒಂದೇ ಮಾಹಿತಿಯನ್ನು ಬೇರೆ ಬೇರೆ ದಾರಿಯಲ್ಲಿ ಕೊಡುತ್ತವೆ. ಹಾಗೆ ನೋಡಿದರೆ ನಿಮ್ಮ ಕ್ಯಾಲ್ಸಿಯಂ ಡೈಕ್ಲೋರೈಡ್ ಕೂಡ ಮಹಾಪರಾಧವೇನಲ್ಲ, ಅನಗತ್ಯ ಅಷ್ಟೇ. ಆದರೆ ಪರೀಕ್ಷೆಯಲ್ಲಿ ತರಗತಿಯ ನಿಯಮವನ್ನೇ ಪಾಲಿಸಿ. ಮೌಲ್ಯಮಾಪಕರೊಂದಿಗೆ ವಾದಿಸಲು ಉತ್ತರಪತ್ರಿಕೆಯಲ್ಲಿ ಜಾಗವಿರುವುದಿಲ್ಲ.

ನಿಮ್ಮ ಮನೆಯಲ್ಲಿ ಡಿಎಪಿ ಗೊಬ್ಬರದ ಚೀಲವೂ ಇರಬಹುದು. ಅದರ ಪೂರ್ಣ ಹೆಸರು ಡೈಅಮೋನಿಯಂ ಫಾಸ್ಫೇಟ್. ಫಾಸ್ಫೇಟಿನ ಆವೇಶ ಋಣ ಮೂರು, ಎರಡು ಅಮೋನಿಯಂ ಸೇರಿದರೆ ಧನ ಎರಡು ಮಾತ್ರ. ಉಳಿದ ಒಂದನ್ನು ತುಂಬಿರುವುದು ಒಂದು ಜಲಜನಕ, ಅದನ್ನು ವ್ಯಾಪಾರದ ಹೆಸರು ಹೇಳದೆ ಬಿಟ್ಟಿದೆ. ಜಲಜನಕವನ್ನು ಮುಚ್ಚಿಟ್ಟಿದ್ದರಿಂದ ಅಮೋನಿಯಂ ಎಷ್ಟು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಅದನ್ನೇ ‘ಅಮೋನಿಯಂ ಹೈಡ್ರೋಜನ್ ಫಾಸ್ಫೇಟ್’ ಎಂದು ಬರೆದರೆ ಹೈಡ್ರೋಜನ್ ಫಾಸ್ಫೇಟಿನ ಆವೇಶ ಋಣ ಎರಡು ಎಂದು ತಿಳಿಯುತ್ತದೆ, ಅಮೋನಿಯಂ ಎರಡು ಎಂಬುದು ತಾನಾಗಿ ಹೊರಬರುತ್ತದೆ, ‘ಡೈ’ ಬೇಕಾಗುವುದಿಲ್ಲ.

ಅಭ್ಯಾಸಕ್ಕೆ ನಾನು ಸೂಚಿಸುವ ಕ್ರಮ ಹೀಗಿದೆ. ದಿನಕ್ಕೆ ಹತ್ತೇ ಸಂಯುಕ್ತಗಳನ್ನು ತೆಗೆದುಕೊಳ್ಳಿ, ಐದನ್ನು ಸೂತ್ರದಿಂದ ಹೆಸರಿಗೆ, ಐದನ್ನು ಹೆಸರಿನಿಂದ ಸೂತ್ರಕ್ಕೆ ತನ್ನಿ. ಪ್ರತಿ ಬಾರಿಯೂ ಮೊದಲು ಕೇಳಿಕೊಳ್ಳಬೇಕಾದುದು ಲೋಹ ಅಥವಾ ಅಮೋನಿಯಂ ಇದೆಯೇ ಎಂಬುದು. ಲೋಹವಿದ್ದರೆ ಅದರ ಆವೇಶ ಒಂದೇ ಬಗೆಯದೋ, ಹಲವು ಬಗೆಯದೋ ಎಂಬುದು ಅನಂತರದ ಪ್ರಶ್ನೆ. ಅಯಾನುಗಳ ಆವೇಶವನ್ನು ಪೆನ್ಸಿಲಿನಲ್ಲಿ ಮೇಲೆ ಬರೆದುಕೊಳ್ಳದೆ ಮುಂದೆ ಹೋಗಬೇಡಿ, ಎಷ್ಟೇ ಸುಲಭವೆನಿಸಿದರೂ. ಒಂದು ವಾರದ ನಂತರ ಮನೆಯ ವಸ್ತುಗಳಿಗೆ ಇಳಿಯಿರಿ: ಅಡುಗೆ ಸೋಡ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್, ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟ್. ಸೂತ್ರಗಳನ್ನು ನೋಡದೆ ಬರೆದು, ನಂತರ ಪುಸ್ತಕದೊಂದಿಗೆ ಹೋಲಿಸಿ.

ಈಗ ಮೈಲುತುತ್ತದ ‘ಪೆಂಟಾ’. ಕಾಪರ್ (ಎರಡು) ಸಲ್ಫೇಟಿನಲ್ಲಿ ತಾಮ್ರದ ಧನ ಎರಡಕ್ಕೆ ಸಲ್ಫೇಟಿನ ಋಣ ಎರಡು ಸರಿಹೋಗಿದೆ, ಅಲ್ಲಿಗೆ ಆವೇಶದ ಲೆಕ್ಕ ಮುಗಿಯಿತು. ಆದರೆ ನೀಲಿ ಹರಳಿನೊಳಗೆ ಒಂದೊಂದು ತಾಮ್ರದ ಅಯಾನಿಗೆ ಐದೈದು ನೀರಿನ ಅಣುಗಳೂ ಕೂತಿವೆ. ನೀರಿಗೆ ಆವೇಶವಿಲ್ಲ; ಅದು ಐದೋ, ಏಳೋ, ಹತ್ತೋ ಎಂಬುದನ್ನು ಆವೇಶಗಳನ್ನು ಕೂಡಿ ಕಳೆದು ಯಾರೂ ಹೇಳಲಾರರು. ಹೇಳಲಾಗದ್ದನ್ನು ಹೆಸರೇ ಹೇಳಬೇಕಾದ್ದರಿಂದ, ಅಯಾನಿಕ ಸಂಯುಕ್ತವಾದರೂ ಇಲ್ಲಿ ಎಣಿಕೆಯ ಪದ ಬಂದಿದೆ. ಬಟ್ಟೆ ಸೋಡದ ಹೆಸರಿನಲ್ಲಿ ಹತ್ತು ನೀರಿಗೆ ‘ಡೆಕಾಹೈಡ್ರೇಟ್’ ಬಂದಿರುವುದೂ ಹೀಗೆಯೇ. ಒಂದಿಷ್ಟು ಮೈಲುತುತ್ತವನ್ನು ಪ್ರಯೋಗಾಲಯದ ಒಣ ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ನೀಲಿ ಹೋಗಿ ಬೂದಿಯಂಥ ಬಿಳಿ ಪುಡಿ ಉಳಿಯುತ್ತದೆ, ಪ್ರನಾಳದ ಬಾಯಿಯ ಹತ್ತಿರ ಹನಿಗಳು ಕಟ್ಟುತ್ತವೆ. ಆ ಪುಡಿಗೆ ಎರಡು ಹನಿ ನೀರು ಬಿಟ್ಟರೆ ನೀಲಿ ಮರಳುತ್ತದೆ. ನಿಮ್ಮ ತಂದೆ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ಅಳೆಯುತ್ತಾರಲ್ಲ, ಆ 1 ಕಿಲೋದಲ್ಲಿ ಸುಮಾರು 360 ಗ್ರಾಂ ಇದೇ ಹರಳಿನೊಳಗಿನ ನೀರು, ತಾಮ್ರ ಸುಮಾರು 255 ಗ್ರಾಂ. ಪರಮಾಣು ತೂಕಗಳನ್ನು ಹಿಡಿದು ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ಚೀಲದ ಮೇಲಿನ ‘ಪೆಂಟಾ’ ಇಲ್ಲದಿದ್ದರೆ ಅದನ್ನು ಆರಂಭಿಸಲೂ ಆಗುತ್ತಿರಲಿಲ್ಲ.